ಕೆಂಪು ರಿಬ್ಬನ್ನೂ ಕಪ್ಪು ಕೋಟೂ

ಅಗ್ನಿಶಾಮಕ ಇಲಾಖೆಯ ಅತ್ಯುನ್ನತ ಕುರ್ಚಿಯಲ್ಲಿ ಆಸೀನರಾಗಿರುವ ಮಾನ್ಯರೇ,

ತಾವು ನಮ್ಮಪ್ಪನ ಠಾಣೆಗೆ ಕೋಟು ತೊಳೆಯುವ ಯಂತ್ರವೊಂದನ್ನು ಕಳಿಸಿ ಹನ್ನೊಂದು ತಿಂಗಳಾಯಿತು. ಈ ಹನ್ನೊಂದು ತಿಂಗಳಲ್ಲಿ ಅದು ಒಂದು ಕರ್ಚೀಫನ್ನೂ ತೊಳೆದಿಲ್ಲ. ಅದರ ಹೊಟ್ಟೆಗೆ ಅಡ್ಡಲಾಗಿ ಕೆಂಪು ರಿಬ್ಬನ್ನೊಂದನ್ನು ಕಟ್ಟಲಾಗಿದೆ, ಅದನ್ನು ಕತ್ತರಿಸಲು ತಾವೇ ಬರಬೇಕು, ತಾವು ಬಂದಿಲ್ಲ. ಬೆಂಕಿ ಬಿದ್ದ ಕಡೆಗೆ ಆರು ನಿಮಿಷದಲ್ಲಿ ತಲುಪತಕ್ಕದ್ದು ಎಂದು ಆಜ್ಞೆ ಹೊರಡಿಸಿದ ತಮಗೆ, ರಿಬ್ಬನ್ ಇರುವ ಕಡೆಗೆ ತಲುಪಲು ಹನ್ನೊಂದು ತಿಂಗಳು ಸಾಲದೇ ಹೋದದ್ದು ಹೇಗೆ ಎಂದು ಕೇಳಬಹುದೇ?

ಕೇಳುತ್ತಿರುವವಳು ಯಾರು ಎಂದು ತಾವು ಹುಬ್ಬು ಗಂಟಿಕ್ಕುವ ಮೊದಲೇ ಹೇಳಿಬಿಡುತ್ತೇನೆ. ನನಗೆ ಇಪ್ಪತ್ತೆರಡು ವರ್ಷ. ಶಾಲೆಯಲ್ಲಿದ್ದಾಗ ಪ್ರಾರ್ಥನೆಯ ಗಂಟೆಯ ನಾಲಿಗೆಗೆ ಕಾಲುಚೀಲ ತೊಡಿಸಿದ್ದಕ್ಕಾಗಿ ಮೂರು ದಿನ ಮನೆಯಲ್ಲಿ ಕೂರಿಸಲ್ಪಟ್ಟವಳು. ಆ ಕಾಲುಚೀಲದಿಂದಲೇ ನನ್ನ ವೃತ್ತಿ ನಿಶ್ಚಯವಾಯಿತೋ ಏನೋ, ಈಗ ಒಂದು ಲಾಂಡ್ರಿಯಲ್ಲಿ ಕೆಲಸ ಮಾಡುತ್ತೇನೆ. ತಮ್ಮ ಠಾಣೆಯ ಹಾಸಿಗೆ ಹೊದಿಕೆ, ಕಿಟಕಿಯ ಪರದೆ, ತಾವು ಬಂದರೆ ಹಾಸಬೇಕಾದ ಬಿಳಿ ಮೇಜುವಸ್ತ್ರ, ಇವೆಲ್ಲ ತಿಂಗಳಿಗೊಮ್ಮೆ ನಮ್ಮಲ್ಲಿಗೆ ಬರುತ್ತವೆ. ಮೇಜುವಸ್ತ್ರದ ಮೇಲೆ ಇಂದಿನವರೆಗೂ ಒಂದು ಹನಿ ಚಹಾ ಬಿದ್ದಿಲ್ಲ, ಆದರೂ ತಿಂಗಳಿಗೊಮ್ಮೆ ತೊಳೆಯುತ್ತೇವೆ. ಬೆಂಕಿಯೊಳಗೆ ಹೋಗಿ ಬರುವ ಕೋಟು ಮಾತ್ರ ಯಾವತ್ತೂ ಬರುವುದಿಲ್ಲ. ಬಟ್ಟೆಗಳಿಗೂ ಪೂರ್ವಜನ್ಮದ ಪುಣ್ಯ ಎನ್ನುವುದೊಂದು ಇರಬೇಕು.

ಯಂತ್ರದ ಜೊತೆ ಬಂದ ತಮ್ಮ ಪತ್ರದಲ್ಲಿ, ಉದ್ಘಾಟನೆಯಾಗುವವರೆಗೆ ಇದನ್ನು ಯಥಾಸ್ಥಿತಿಯಲ್ಲಿ ಕಾಪಾಡತಕ್ಕದ್ದು ಎಂದಿತ್ತು. ಠಾಣೆಯವರು ಕಾಪಾಡಿದ್ದಾರೆ, ಮಾನ್ಯರೇ. ಕಾಪಾಡುವುದರಲ್ಲಿ ಅವರನ್ನು ಬಿಟ್ಟರೆ ಇಲ್ಲ. ಪ್ರತಿದಿನ ಬೆಳಿಗ್ಗೆ ಒಬ್ಬರು ಅದರ ಧೂಳು ಒರೆಸುತ್ತಾರೆ. ಅದಕ್ಕೆಂದೇ ಪಾಳಿಪಟ್ಟಿ ಗೋಡೆಯ ಮೇಲಿದೆ. ಮೂರು ಸಲ ತಾವು ದಿನ ಗೊತ್ತುಮಾಡಿ ಮೂರು ಸಲ ಮುಂದೂಡಿದಿರಿ. ಮೊದಲ ಸಲ ತಂದಿಟ್ಟ ಹೂಕುಂಡದ ಗಿಡ ಆಮೇಲೆ ಎರಡು ಬಾರಿ ಹೂಬಿಟ್ಟು, ಈಗ ಯಂತ್ರಕ್ಕಿಂತ ಎತ್ತರ ಬೆಳೆದು, ಬಂದವರಿಗೆಲ್ಲ ಅದನ್ನೇ ಉದ್ಘಾಟಿಸಬೇಕೇನೋ ಎಂಬ ಅನುಮಾನ ಹುಟ್ಟಿಸುತ್ತಿದೆ. ಒಟ್ಟಿನಲ್ಲಿ ಇಡೀ ಠಾಣೆಯಲ್ಲಿ ಅತ್ಯಂತ ಶುಭ್ರವಾಗಿರುವ ವಸ್ತು ಯಾವುದೆಂದರೆ, ಶುಭ್ರ ಮಾಡುವ ಯಂತ್ರ.

ಈಗ ಕೋಟಿನ ವಿಷಯ. ತಮ್ಮ ಠಾಣೆಗಳಲ್ಲಿ ಒಂದು ಪದ್ಧತಿಯಿದೆ, ತಮಗೆ ಗೊತ್ತಿರಲೇಬೇಕು. ಕೋಟು ಎಷ್ಟು ಕಪ್ಪಗಿದೆಯೋ ಆಸಾಮಿ ಅಷ್ಟು ದೊಡ್ಡವನು. ಶುಭ್ರವಾದ ಕೋಟು ತೊಟ್ಟವನನ್ನು ‘ಮದುಮಗ’ ಎಂದು ಕರೆಯುತ್ತಾರೆ. ಅವನು ಚಹಾ ತರಬೇಕು, ಪೈಪು ಸುತ್ತಬೇಕು, ಹಿರಿಯರು ಬೆಂಕಿಯ ಕತೆ ಹೇಳುವಾಗ ಬಾಯಿ ತೆರೆದು ಕೇಳಬೇಕು. ನಮ್ಮಪ್ಪನ ಕೋಟು ಎಂಟು ವರ್ಷದಿಂದ ಸೋಪು ಕಂಡಿರಲಿಲ್ಲ. ಅವರನ್ನು ಎಲ್ಲರೂ ಇದ್ದಿಲಣ್ಣ ಎನ್ನುತ್ತಿದ್ದರು. ಠಾಣೆಯಲ್ಲಿ ಬಿಟ್ಟರೆ ಯಾರಾದರೂ ಒರೆಸಿಬಿಟ್ಟಾರು ಎಂಬ ಭಯದಿಂದ ರಜೆಯ ದಿನ ಅದನ್ನು ಮನೆಗೆ ತಂದು ಹಿಂಬಾಗಿಲ ಮೊಳೆಗೆ ನೇತುಹಾಕುತ್ತಿದ್ದರು. ನಮ್ಮಮ್ಮ ಅದರ ವಾಸನೆ ನೋಡಿಯೇ ಬೆಂಕಿ ಬಿದ್ದದ್ದು ಎಲ್ಲಿ ಎಂದು ಹೇಳುವಷ್ಟು ಪಳಗಿದ್ದರು. ಟೈರು, ಬಣ್ಣದ ಡಬ್ಬಿ, ಪ್ಲಾಸ್ಟಿಕ್ ಕುರ್ಚಿ, ಹಳೆಯ ಸೋಫಾ, ಒಂದೊಂದಕ್ಕೂ ಒಂದೊಂದು ಘಾಟು. ಒಮ್ಮೆ ಅಪ್ಪ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವಾಗಲೇ ಅಡುಗೆಮನೆಯಿಂದ, “ಏನು, ಇವತ್ತು ಚಪ್ಪಲಿ ಅಂಗಡೀನಾ?” ಎಂದು ಕೇಳಿ ಅವರನ್ನು ದಂಗುಬಡಿಸಿದ್ದರು.

ಇಷ್ಟಾದರೂ ಅದು ಠಾಣೆಯೊಳಗಿನ ಹುಚ್ಚಾಗಿಯೇ ಉಳಿಯುತ್ತಿತ್ತು. ಅದಕ್ಕೆ ಸರ್ಕಾರಿ ಮೊಹರು ಒತ್ತಿದವರು ತಾವು. ಎರಡು ವರ್ಷದ ಹಿಂದೆ ತಮ್ಮ ಕಚೇರಿಯ ಮೈದಾನದಲ್ಲಿ ನಡೆದ ವಾರ್ಷಿಕ ಕವಾಯತಿನಲ್ಲಿ ಅಪ್ಪನನ್ನು ಮುಂದೆ ಕರೆದು, ಅವರ ತೋಳು ಹಿಡಿದೆತ್ತಿ, ಇದು ಮಸಿಯಲ್ಲ, ಧೈರ್ಯ ತಾನೇ ಹಾಕಿದ ಸಹಿ ಎಂದು ಮೈಕಿನಲ್ಲಿ ಹೇಳಿದಿರಿ. ಶೌರ್ಯದ ಫಲಕವನ್ನು ಅವರ ಕೈಗಿಟ್ಟಿರಿ. ಆಮೇಲೆ ತಮ್ಮ ಅಂಗೈಯನ್ನು ಸಹಾಯಕರ ಕರ್ಚೀಫಿಗೆ ಒರೆಸಿಕೊಂಡಿರಿ. ಕರ್ಚೀಫು ಕಪ್ಪಾಯಿತು, ಅದನ್ನು ನಾನು ಮೂರನೆಯ ಸಾಲಿನಿಂದ ನೋಡಿದೆ. ಧೈರ್ಯದ ಸಹಿಯನ್ನು ಅಷ್ಟು ಬೇಗ ಅಳಿಸಿಕೊಳ್ಳುವ ಅವಸರ ಏನಿತ್ತು ಎಂದು ಆವತ್ತೇ ಕೇಳಬೇಕೆಂದಿದ್ದೆ. ಅಮ್ಮ ನನ್ನ ತೊಡೆ ಚಿವುಟಿ ಕೂರಿಸಿದರು.

ಅಂದಿನಿಂದ ಠಾಣೆಯಲ್ಲಿ ಕಪ್ಪಿಗೆ ಬಂದ ಬೇಡಿಕೆ ಹೇಳತೀರದು. ಹೊಸದಾಗಿ ಸೇರಿದವರು ಹಿತ್ತಿಲಲ್ಲಿ ಹಳೆಯ ಟೈರಿನ ತುಂಡು ಸುಟ್ಟು ಅದರ ಹೊಗೆಗೆ ಕೋಟು ಹಿಡಿದರು. ಬೆಂಕಿ ಆರಿಸಲು ಸಂಬಳ ಪಡೆಯುವವರು ಬೆಂಕಿ ಹಚ್ಚಿ ಅದರ ಮುಂದೆ ಬಟ್ಟೆ ಹಿಡಿದು ನಿಂತ ದೃಶ್ಯವನ್ನು ತಾವು ನೋಡಬೇಕಿತ್ತು. ಒಬ್ಬ ಬಾಣಲೆಯ ತಳಕ್ಕೆ ತೋಳು ಉಜ್ಜಿದ. ಕೆಲಸಕ್ಕೆ ಸೇರಿ ಏಳು ತಿಂಗಳಾದ ಇನ್ನೊಬ್ಬ ಬೂಟ್ ಪಾಲಿಶ್ ಬಳಿದ. ಕೋಟು ಕಪ್ಪಾಯಿತೇನೋ ಸರಿ, ಆದರೆ ಬಿಸಿಲಿಗೆ ನಿಂತರೆ ಮಿರಮಿರ ಮಿಂಚುತ್ತಿತ್ತು. ಅವನಿಗೆ ಪಾಲಿಶಪ್ಪ ಎಂದೇ ಹೆಸರಾಯಿತು. ಈ ಪಾಲಿಶಪ್ಪನನ್ನು ನೆನಪಿಟ್ಟುಕೊಳ್ಳಿ, ಮುಂದೆ ತಾವೇ ಅವನನ್ನು ಸನ್ಮಾನಿಸಲಿದ್ದೀರಿ.

ಇನ್ನು ಮುಂದಿನದು ಅಷ್ಟು ನಗುವ ವಿಷಯವಲ್ಲ. ಆದ್ದರಿಂದ ಬೇಗ ಹೇಳಿ ಮುಗಿಸುತ್ತೇನೆ. ಈ ವರ್ಷದ ಆರಂಭದಲ್ಲಿ ಅಪ್ಪನ ಕತ್ತಿನ ಹಿಂದೆ, ಸರಿಯಾಗಿ ಕಾಲರ್ ಉಜ್ಜುವ ಜಾಗದಲ್ಲಿ, ಅಂಗಿಯ ಗುಂಡಿಯಷ್ಟು ಅಗಲದ ಕಲೆಯೊಂದು ಎದ್ದಿತು. ಮಾಯುತ್ತದೆ ಎಂದರು, ಮಾಯಲಿಲ್ಲ. ಅಮ್ಮ ಊಟ ಬಿಟ್ಟು ಕೂತ ಮೇಲೆ ಡಾಕ್ಟರ ಹತ್ತಿರ ಬಂದರು. ಡಾಕ್ಟರಮ್ಮ ಅದನ್ನು ಕತ್ತರಿಸಿ ತೆಗೆದು ಪರೀಕ್ಷೆಗೆ ಕಳಿಸಿದರು. ಹತ್ತು ದಿನದ ಮೇಲೆ ವರದಿ ಬಂತು. ಈಗಲೇ ಹೆದರಬೇಕಾದ ಜಾತಿಯದಲ್ಲ, ಆದರೆ ಬಿಟ್ಟಿದ್ದರೆ ಆ ಜಾತಿಗೆ ಸೇರುವ ದಾರಿಯಲ್ಲಿತ್ತು. ಮೂರು ತಿಂಗಳಿಗೊಮ್ಮೆ ಬಂದು ತೋರಿಸಬೇಕು ಎಂದರು. ಆಮೇಲೆ ಏನು ಕೆಲಸ, ಏನು ಬಟ್ಟೆ ಎಂದು ವಿಚಾರಿಸುತ್ತ, ಆ ಕೋಟನ್ನು ಕೊನೆಯ ಸಲ ತೊಳೆದದ್ದು ಯಾವಾಗ ಎಂದು ಕೇಳಿದರು.

ಅಪ್ಪ ಎದೆಯುಬ್ಬಿಸಿ, “ಕೊಟ್ಟಾಗಿನಿಂದ ಒಂದು ಹನಿ ಸೋಪು ಮುಟ್ಟಿಲ್ಲ ಡಾಕ್ಟ್ರೇ” ಎಂದರು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಎದ್ದು ಹೋಗಿ ಕೈ ತೊಳೆದುಕೊಂಡು ಬಂದರು. “ಇದು ಅದರಿಂದಲೇ ಬಂತು ಅಂತ ನಾನು ಬರೆದುಕೊಡೋಕಾಗಲ್ಲ. ಆದರೆ ಮಸಿ ಕೂತ ಜಾಗ, ಇದು ಎದ್ದ ಜಾಗ, ಎರಡೂ ಒಂದೇ. ಹೊಗೆ ಆರಿದರೂ ಅದರ ವಿಷ ಬಟ್ಟೆಯಲ್ಲೇ ಇರುತ್ತೆ. ಬೆವರು ಬಂದಾಗೆಲ್ಲ ಚರ್ಮಕ್ಕೆ ಇಳಿಯುತ್ತೆ. ನೀವು ಬೆಂಕಿಯಿಂದ ಹೊರಗೆ ಬಂದ ಮೇಲೂ ಅದನ್ನ ಹೊತ್ತುಕೊಂಡೇ ತಿರುಗ್ತಿದ್ದೀರಿ,” ಎಂದರು.

 ಮನೆ ಸೇರಿದ ಮೇಲೆ ಅಪ್ಪ ಹೇಳಿದ್ದು ಒಂದೇ: ನಿವೃತ್ತಿಗೆ ಇನ್ನು ಎರಡೂವರೆ ವರ್ಷ, ಅಷ್ಟರಲ್ಲಿ ಯಾರ ಬಾಯಲ್ಲೂ ಮದುಮಗ ಎನಿಸಿಕೊಳ್ಳಲಾರೆ. ಹಾಗಾದರೆ ಎರಡೂವರೆ ವರ್ಷದ ನಂತರ ನೀವು ಏನೆನಿಸಿಕೊಳ್ಳಬೇಕು ಎಂದುಕೊಂಡಿದ್ದೀರಿ ಎಂದು ಅಮ್ಮ ಕೇಳಿದರು. ಅಪ್ಪ ಎದ್ದು ಹೋಗಿ ಹಿಂಬಾಗಿಲ ಮೊಳೆಯ ಮೇಲಿನ ಕೋಟನ್ನು ಸರಿಪಡಿಸಿದರು. ಆ ಪ್ರಶ್ನೆಗೆ ಉತ್ತರ ತಮ್ಮಲ್ಲಿದ್ದರೆ ತಿಳಿಸಬೇಕು.

ಹೀಗಿರುವಾಗ, ಸ್ವಭಾವತಃ ಕಿಡಿಗೇಡಿಯಾದ ಮಗಳೊಬ್ಬಳು ಏನು ಮಾಡಬೇಕೋ ಅದನ್ನು ನಾನು ಮಾಡಿದೆ. ಈ ವರ್ಷದ ಕವಾಯತಿಗೆ ಎರಡು ದಿನ ಮುಂಚೆ, ಅಪ್ಪ ಕತ್ತಿನ ಗಾಯದ ಪಟ್ಟಿ ಬದಲಾಯಿಸಲು ಆಸ್ಪತ್ರೆಗೆ ಹೋದ ಸಮಯ ನೋಡಿ ಕೋಟನ್ನು ಕದ್ದೆ. ಲಾಂಡ್ರಿಗೆ ಒಯ್ದರೆ ನಮ್ಮ ಯಜಮಾನಿ ಬಾಗಿಲಲ್ಲೇ ತಡೆದರು. “ಕೂಸುಗಳ ಬಟ್ಟೆ ಬೀಳೋ ಯಂತ್ರಕ್ಕೆ ಇದನ್ನ ಹಾಕ್ತೀಯಾ? ನಿನ್ನನ್ನೂ ಸೇರಿಸಿ ಹಿಂಡಿಬಿಡ್ತೀನಿ,” ಎಂದರು. ಅವರು ಹೇಳಿದ್ದು ನ್ಯಾಯವೇ. ಮನೆಯ ಹಿತ್ತಿಲಿಗೆ ತಂದು, ಮೊಣಕೈವರೆಗೆ ರಬ್ಬರ್ ಗವಸು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ದೊಡ್ಡ ಟಬ್ಬಿನಲ್ಲಿ ನೆನೆಹಾಕಿದೆ. ಮೊದಲ ನೀರು ಡಾಂಬರಿನಂತೆ ಬಂತು. ಎರಡನೆಯದು ಡಿಕಾಕ್ಷನ್‌ನಂತೆ. ಐದನೆಯದು ಚಹಾ ಎನ್ನಬಹುದಾದ ಮಟ್ಟಕ್ಕೆ ಇಳಿಯಿತು. ಒಂಬತ್ತನೆಯ ಟಬ್ಬಿನಲ್ಲಿ ಅಮ್ಮ ಕಿಟಕಿಯಿಂದ ಇಣುಕಿ, “ಅಯ್ಯೋ, ಇದು ಹಳದಿನಾ?” ಎಂದರು. ಎಂಟು ವರ್ಷದಿಂದ ಒಂದೇ ಮನೆಯಲ್ಲಿದ್ದೂ ಆ ಕೋಟಿನ ಬಣ್ಣ ನಮಗೆ ಯಾರಿಗೂ ನೆನಪಿರಲಿಲ್ಲ.

ಕಾಲರಿನ ಒಳಗೆ, ಮಸಿಯ ಪದರದ ಕೆಳಗಿನಿಂದ ಒಂದು ಬಿಳಿ ಚೀಟಿ ಹೊರಗೆ ಬಂತು. ಅದರ ಮೇಲೆ ಅಚ್ಚುಕಟ್ಟಾಗಿ ಮುದ್ರಿಸಿದ ಒಂದು ಸಾಲು: ಪ್ರತಿ ಬೆಂಕಿಯ ನಂತರ ತೊಳೆಯಿರಿ. ಮಾನ್ಯರೇ, ಇದನ್ನು ಓದಬೇಕಾದರೆ ಮೊದಲು ಕೋಟು ತೊಳೆಯಬೇಕು; ಕೋಟು ತೊಳೆಯಬೇಕೆಂದು ತಿಳಿಯಬೇಕಾದರೆ ಮೊದಲು ಇದನ್ನು ಓದಬೇಕು. ತಮ್ಮ ಇಲಾಖೆಯನ್ನು ಇಷ್ಟು ಚೆನ್ನಾಗಿ ವರ್ಣಿಸಿದ ಇನ್ನೊಂದು ದಾಖಲೆಯನ್ನು ನಾನು ಕಂಡಿಲ್ಲ.

ಎರಡು ದಿನ ಅಮ್ಮ ಮುಚ್ಚಿಟ್ಟಿದ್ದ ಹಿಂಬಾಗಿಲನ್ನು ಕವಾಯತಿನ ಬೆಳಿಗ್ಗೆ ಅಪ್ಪ ತೆರೆದರೆ, ಮೊಳೆಯಲ್ಲಿ ಹಳದಿ ಕೋಟು ನೇತಾಡುತ್ತಿತ್ತು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಇದ್ದದ್ದು ಅದೊಂದೇ ಕೋಟು, ಅದನ್ನೇ ತೊಟ್ಟು ಹೊರಟರು. ಆಮೇಲೆ ನಡೆದದ್ದರಲ್ಲಿ ತಾವೇ ಪಾತ್ರಧಾರಿ. ತಾವು ಸಾಲಿನ ಉದ್ದಕ್ಕೂ ನಡೆದು ಬಂದು, ನಿಂಬೆಹಣ್ಣಿನಂತೆ ಬೆಳಗುತ್ತಿದ್ದ ನಮ್ಮಪ್ಪನ ಎದುರು ನಿಂತು, ಹೊಸದಾಗಿ ಸೇರಿದವರಾ, ಎಷ್ಟು ದಿನವಾಯಿತು ಎಂದು ಕೇಳಿದಿರಿ.

ಅಪ್ಪ, “ಇಪ್ಪತ್ತಾರು ವರ್ಷ, ಸರ್” ಎಂದರು.

ತಾವು ಬಹುಶಃ ಕೇಳಿಸಿಕೊಳ್ಳಲಿಲ್ಲ. ಅವರ ಭುಜ ತಟ್ಟಿ, “ಒಳ್ಳೇದು, ಹೀಗೇ ಕಲೀತಾ ಹೋಗಿ” ಎಂದು ಮುಂದೆ ನಡೆದಿರಿ. ಎರಡು ವರ್ಷದ ಹಿಂದೆ ತೋಳು ಹಿಡಿದೆತ್ತಿದ್ದು ಇದೇ ಮನುಷ್ಯನನ್ನು. ತಾವು ಸನ್ಮಾನಿಸಿದ್ದು ಯಾರನ್ನು, ಅಪ್ಪನನ್ನೋ ಮಸಿಯನ್ನೋ? ಉತ್ತರ ಐದೇ ನಿಮಿಷದಲ್ಲಿ ಸಿಕ್ಕಿತು. ಈ ವರ್ಷದ ಶೌರ್ಯದ ಫಲಕ ಪಾಲಿಶಪ್ಪನಿಗೆ ಹೋಯಿತು. ಅವನ ತೋಳು ಹಿಡಿದಾಗ ತಮ್ಮ ಕೈಗೆ ಅಂಟಿದ್ದನ್ನು ಮೂಸಿ ನೋಡಿದ್ದರೆ, ಅದು ಯಾವ ಬೆಂಕಿಯದ್ದೂ ಅಲ್ಲ, ಬೂಟಿನದ್ದು ಎಂದು ತಿಳಿಯುತ್ತಿತ್ತು. ನಮ್ಮಮ್ಮನಾದರೆ ಹತ್ತು ಅಡಿ ದೂರದಿಂದಲೇ ಹೇಳುತ್ತಿದ್ದರು.

ಆ ದಿನದಿಂದ ಅಪ್ಪ ನನ್ನೊಡನೆ ಮಾತು ಬಿಟ್ಟರು. ಮೂವರೂ ಒಂದೇ ಮೇಜಿಗೆ ಊಟಕ್ಕೆ ಕೂತಾಗ, “ನಿನ್ನ ಮಗಳಿಗೆ ಉಪ್ಪು ಈ ಕಡೆ ತಳ್ಳೋಕೆ ಹೇಳು” ಎಂದು ಅಮ್ಮನಿಗೆ ಹೇಳುವರು. ಅಮ್ಮ ನನಗೆ ಹೇಳುವರು. ನಾನು ತಳ್ಳಿದರೆ, ತಲುಪಿತು ಎಂದು ಮತ್ತೆ ಅಮ್ಮನಿಗೆ ವರದಿ. ಅಂಚೆ ಇಲಾಖೆಯೂ ನಾಚುವಂಥ ಈ ವ್ಯವಸ್ಥೆ ಹತ್ತೊಂಬತ್ತು ದಿನ ನಡೆಯಿತು. ಠಾಣೆಯಲ್ಲಿ ಅವರು ಹೊಸ ಮದುಮಗನಾಗಿದ್ದರು. ಚಹಾ ತರಲು ಯಾರೂ ಹೇಳಲಿಲ್ಲವಂತೆ. ಅಪ್ಪನೇ ಎದ್ದು ಹೋಗಿ ತಂದರಂತೆ. ಅದನ್ನು ಕೇಳಿದ ದಿನ, ಅವರು ಹೇಳುವ ಮೊದಲೇ ಉಪ್ಪನ್ನು ನಾನೇ ತಳ್ಳಿದೆ.

ಇಪ್ಪತ್ತನೆಯ ದಿನ ಮಧ್ಯಾಹ್ನ ತೊಳೆದ ಪರದೆಗಳನ್ನು ತಲುಪಿಸಲು ನಾನು ಠಾಣೆಗೆ ಹೋದೆ. ಹಾಸಿಗೆ ಗೋದಾಮೊಂದಕ್ಕೆ ಬೆಂಕಿ ಬಿದ್ದು ಎಲ್ಲರೂ ಹೋಗಿದ್ದರು. ಫೋನಿನ ಮುಂದೆ ಕೂರುವವರು ಒಬ್ಬರೇ ಇದ್ದರು. ಯಂತ್ರ ಎಂದಿನಂತೆ ಹೊಳೆಯುತ್ತ ನಿಂತಿತ್ತು. ಇಲ್ಲಿಂದ ಮುಂದೆ ನಡೆದದ್ದಕ್ಕೆಲ್ಲ ನಾನೊಬ್ಬಳೇ ಹೊಣೆ. ನಾನು ತಮ್ಮ ನೌಕರಳಲ್ಲ, ಆದ್ದರಿಂದ ಅಮಾನತು ಮಾಡುವ ತೊಂದರೆ ತಮಗಿಲ್ಲ. ತಮ್ಮ ಪರವಾಗಿ ಉದ್ಘಾಟನಾ ಸಮಾರಂಭವನ್ನು ನಾನು ನೆರವೇರಿಸಿದೆ. ಮೇಜುವಸ್ತ್ರ ಹಾಸಿದೆ. ಸ್ವಾಗತ ಭಾಷಣ ನನ್ನದೇ, ವಂದನಾರ್ಪಣೆಯೂ ನನ್ನದೇ. ನಡುವೆ ತಮ್ಮ ದನಿಯಲ್ಲಿ ಮೂರು ನಿಮಿಷ ಮಾತಾಡಿದೆ. ಅದರಲ್ಲಿ ತಮ್ಮ ಯಾವ ಭಾಷಣದಲ್ಲೂ ಇರದ ಒಂದು ವಾಕ್ಯವಿತ್ತು, ‘ತಡವಾದದ್ದಕ್ಕೆ ಕ್ಷಮಿಸಿ’. ಲಾಂಡ್ರಿಯ ಕತ್ತರಿಯಿಂದ ರಿಬ್ಬನ್ ಕತ್ತರಿಸಿದೆ. ಫೋನಿನವರು ಚಪ್ಪಾಳೆ ತಟ್ಟಿದರೆಂದು ಯಾರಾದರೂ ಹೇಳಿದರೆ ನಂಬಬೇಡಿ. ಅವರು ಗೋಡೆಯ ಕಡೆ ತಿರುಗಿ ಸೊಳ್ಳೆ ಹೊಡೆಯುತ್ತಿದ್ದರು. ಆ ದಿನ ಸೊಳ್ಳೆ ಬಹಳ ಇದ್ದವು.

ಗುಂಡಿ ಒತ್ತಿದರೆ ಯಂತ್ರ ಗುಟುರು ಹಾಕಿ ಸುಮ್ಮನಾಯಿತು. ಹಿಂದೆ ಬಗ್ಗಿ ನೋಡಿದೆ. ನೀರಿನ ಕೊಳವೆಯನ್ನೇ ಜೋಡಿಸಿರಲಿಲ್ಲ. ಇಡೀ ಪಟ್ಟಣಕ್ಕೆ ನೀರು ಹೊತ್ತು ಓಡುವ ಠಾಣೆಯಲ್ಲಿ ಒಂದು ಯಂತ್ರಕ್ಕೆ ನೀರಿಲ್ಲ. ತಾವು ಬಂದು ರಿಬ್ಬನ್ ಕತ್ತರಿಸಿದ್ದರೂ ಆಗುತ್ತಿದ್ದದ್ದು ಇಷ್ಟೇ: ಚಪ್ಪಾಳೆ, ಫೋಟೋ, ಗುಟುರು.

ಅಷ್ಟರಲ್ಲಿ ಗಾಡಿ ವಾಪಸು ಬಂತು. ಹಾಸಿಗೆ ಗೋದಾಮಿನ ಹೊಗೆ ಎಂದರೆ ಸಾಮಾನ್ಯವಲ್ಲ. ಇಳಿದವರ ಹಲ್ಲು ಮಾತ್ರ ಬೆಳ್ಳಗಿತ್ತು. ಅಪ್ಪನ ಕೋಟು ಮತ್ತೆ ಕಪ್ಪಾಗಿತ್ತು. ಒಳಗೆ ಸಿಕ್ಕಿಕೊಂಡ ಕಾವಲುಗಾರನನ್ನು ಅವರೇ ಹೊತ್ತು ತಂದಿದ್ದರಂತೆ. ಎಲ್ಲರೂ ಅವರ ಬೆನ್ನು ತಟ್ಟುತ್ತಿದ್ದರು, ನಮ್ಮ ಇದ್ದಿಲಣ್ಣ ವಾಪಸು ಬಂದ ಎನ್ನುತ್ತಿದ್ದರು. ಇಪ್ಪತ್ತು ದಿನದಲ್ಲಿ ಮೊದಲ ಸಲ ಅವರು ನಗುತ್ತಿದ್ದರು. ಒಳಗೆ ಕಾಲಿಟ್ಟವರು ನೆಲದ ಮೇಲೆ ಬಿದ್ದ ರಿಬ್ಬನ್ ನೋಡಿದರು. ಕತ್ತರಿ ನೋಡಿದರು. ನನ್ನನ್ನು ನೋಡಿದರು. ಠಾಣಾಧಿಕಾರಿಗಳು ಏನನ್ನೂ ಕಾಣದವರಂತೆ ಗಿಡದ ಒಣಗಿದ ಎಲೆ ಕೀಳತೊಡಗಿದರು.

ಅಪ್ಪ ಕತ್ತಿನ ಹಿಂದೆ ಕೈಯಾಡಿಸಿದರು. ಪಟ್ಟಿಯ ಅಂಚು ಕಪ್ಪಾಗಿತ್ತು. ಬೆರಳು ಮುಂದೆ ತಂದು ಅದರ ತುದಿಯನ್ನು ನೋಡಿಕೊಂಡರು. ಆ ಕೋಟನ್ನು ಹಾಗೇ ಮೊಳೆಗೆ ಹಾಕಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಕಳೆದುಹೋದ ಮಾನವೆಲ್ಲ ಅದರ ಮೇಲೆ ಮತ್ತೆ ಬಂದು ಕೂತಿತ್ತು. ಅವರು ಒಂದೊಂದೇ ಕೊಕ್ಕೆ ಬಿಚ್ಚಿ ಕೋಟು ಕಳಚಿ, ನನ್ನ ಮುಂದೆ ಬಂದು ನಿಂತು, ಅಮ್ಮನ ಮಧ್ಯಸ್ಥಿಕೆಯಿಲ್ಲದೆ ಕೇಳಿದರು:

“ಒಳಗಿನ ಪದರ ಬೇರೆ, ಹೊರಗಿನದು ಬೇರೆ ಹಾಕ್ಬೇಕೇನೇ?”

“ಹೌದಪ್ಪ. ಕೊಕ್ಕೆ ಎಲ್ಲ ಹಾಕಿಬಿಟ್ಟು ಹಾಕಿ. ಬ್ಲೀಚ್ ಮುಟ್ಟಿಸಬೇಡಿ,” ಎಂದೆ. ಯಂತ್ರದ ಬಾಗಿಲು ತೆರೆದು ಹಿಡಿದೆ. 

ಕೊಳವೆ ಯಾರು ಜೋಡಿಸಿದರೋ ನನಗೆ ತಿಳಿಯದು, ಆಗ ನಾನು ಕಣ್ಣು ಮುಚ್ಚಿಕೊಂಡಿದ್ದೆ. ಹತ್ತು ನಿಮಿಷದಲ್ಲಿ ನೀರು ಬಂತು. ಅಪ್ಪನ ಹಿಂದೆ ಸಾಲು ನಿಂತಿತು. ಸಾಲಿನ ಕೊನೆಯಲ್ಲಿ ಪಾಲಿಶಪ್ಪ, ಪಾಲಿಶ್ ಹೋಗುತ್ತದೋ ಇಲ್ಲವೋ ಎಂದು ನನ್ನನ್ನು ಮೆಲ್ಲಗೆ ವಿಚಾರಿಸಿದ. ಹೋಗುವುದಿಲ್ಲ ಎಂದೆ. ಅವನ ಶೌರ್ಯ ಶಾಶ್ವತ.

ಇಷ್ಟಕ್ಕೇ ಮುಗಿದಿದ್ದರೆ ಇದು ತಮಗೆ ಅಭಿನಂದನಾ ಪತ್ರವಾಗುತ್ತಿತ್ತು. ಆದರೆ ತೊಳೆದ ಕೋಟು ನೆರಳಿನಲ್ಲಿ ಒಣಗಲು ಒಂದು ದಿನ ಬೇಕು, ಬೆಂಕಿ ಅಷ್ಟು ಹೊತ್ತು ಕಾಯುವುದಿಲ್ಲ. ಅಪ್ಪ ಬನಿಯನ್ನಿನಲ್ಲಿ ನಿಂತಿರುವಾಗಲೇ ಮತ್ತೆ ಗಂಟೆ ಹೊಡೆಯಿತು. ಅವರ ಕೈ ತಾನಾಗಿ ಗೋಡೆಯ ಮೊಳೆಯ ಕಡೆ ಹೋಯಿತು. ಮೊಳೆ ಖಾಲಿಯಿತ್ತು. ಕೋಟಿಲ್ಲದವನನ್ನು ಕಳಿಸಲಾರೆ ಎಂದು ಠಾಣಾಧಿಕಾರಿಗಳು ಅವರಿಗೆ ಫೋನಿನ ಹತ್ತಿರ ಕೂರಲು ಹೇಳಿದರು. ಸಾಲಿನಲ್ಲಿ ಹಿಂದೆ ನಿಂತವರು ಇನ್ನೂ ಒಗೆಯಲು ಹಾಕಿರದ ಕೋಟುಗಳನ್ನೇ ತೊಟ್ಟು ಓಡಿದರು. ಗಾಡಿ ಹೋಗುವುದನ್ನು ಅಪ್ಪ ಗೇಟಿನಿಂದ ನೋಡಿದ್ದು ಇಪ್ಪತ್ತಾರು ವರ್ಷದಲ್ಲಿ ಅದೇ ಮೊದಲು. ಅದು ತಿರುವಿನಲ್ಲಿ ಮರೆಯಾದ ಮೇಲೂ ಅವರು ಒಳಗೆ ಬರಲಿಲ್ಲ. ಮರುದಿನ ಯಾರೂ ಕೋಟು ಬಿಚ್ಚಿ ಕೊಡಲಿಲ್ಲ. ಅವರನ್ನು ದೂರುವುದು ಹೇಗೆ? ಒಂದೇ ಕೋಟು ಇರುವವನಿಗೆ ತೊಳೆಯಿರಿ ಎಂದು ಹೇಳುವುದೂ, ಮನೆಯಲ್ಲಿ ಕೂತುಕೋ ಎಂದು ಹೇಳುವುದೂ ಒಂದೇ.

ಆದ್ದರಿಂದ ನನ್ನ ಬೇಡಿಕೆ ಒಂದೇ. ಪ್ರತಿಯೊಬ್ಬರಿಗೂ ಇನ್ನೊಂದು ಕೋಟು ಕೊಡಿ. ಅದನ್ನು ಕೊಡಲು ತಾವು ಬರಬೇಕಾಗಿಲ್ಲ. ಪೆಟ್ಟಿಗೆಯಲ್ಲಿ ಹಾಕಿ ಕಳಿಸಿದರೆ ಸಾಕು, ದಯವಿಟ್ಟು ಅದಕ್ಕೆ ರಿಬ್ಬನ್ ಕಟ್ಟಬೇಡಿ. ಹಾಗೂ ಬರಲೇಬೇಕೆನಿಸಿದರೆ, ಮುಂದಿನ ಕವಾಯತಿನಲ್ಲಿ ಸಾಲಿನ ಉದ್ದಕ್ಕೂ ನಡೆದು, ಅತ್ಯಂತ ಹಳದಿಯಾದ ಕೋಟಿನ ಎದುರು ನಿಂತು, ಎಷ್ಟು ವರ್ಷದ ಸೇವೆ ಎಂದು ಕೇಳಿ. ಈ ಸಲ ಉತ್ತರ ಬರುವವರೆಗೂ ನಿಲ್ಲಿ. ಡಾಕ್ಟರಮ್ಮ ಹೇಳಿದ ಮುಂದಿನ ಮೂರು ತಿಂಗಳು ಮುಗಿಯಲು ಇನ್ನು ನಲವತ್ತು ದಿನವಿದೆ. ಅಷ್ಟರೊಳಗೆ ಕೋಟು ಬಂದರೆ, ಅಪ್ಪನ ಕತ್ತನ್ನು ಪರೀಕ್ಷಿಸುವಾಗ ಅವರು ಕೇಳುವ ಮೊದಲ ಪ್ರಶ್ನೆಗೆ ಅಪ್ಪ ಎದೆಯುಬ್ಬಿಸಿಯೇ ಬೇರೆ ಉತ್ತರ ಕೊಡಬಹುದು.

ಇಂತಿ,
ತಮ್ಮ ಅಪ್ಪಣೆಯಿಲ್ಲದೆ ತಮ್ಮ ಪರವಾಗಿ ಕ್ಷಮೆ ಕೇಳಿ, ಆ ಮಾತನ್ನು ಹಿಂತೆಗೆದುಕೊಳ್ಳಲು ಮನಸ್ಸಿಲ್ಲದೆ ಕೂತಿರುವ,
ಇದ್ದಿಲಣ್ಣನ ಮಗಳು

ಲಗತ್ತು: ಕೆಂಪು ರಿಬ್ಬನ್, ಎರಡು ತುಂಡು. ತೊಳೆದು ಇಸ್ತ್ರಿ ಮಾಡಿದೆ.